ಸೋಪಿನ ಡಬ್ಬಿಯಲ್ಲಿ ಆರು ಲೂರ್

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣ ಮುಂದೆ ಒಂದು ಗಾಜು ಹಿಡಿದು, ಅದನ್ನು ತೆಗೆದು ಇನ್ನೊಂದು ಹಿಡಿದು, ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ?’ ಎಂದು ಕೇಳುವುದು ಅವರ ಇಪ್ಪತ್ತು ವರ್ಷದ ಕಸುಬು. ಯಾರಾದರೂ ಎರಡೂ ಒಂದೇ ಥರ ಕಾಣುತ್ತವೆ ಎಂದರೆ ಅವರಿಗೆ ಮೈ ಉರಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಲಾಗದವನು ಬದುಕಿನಲ್ಲಿ ಏನು ತಾನೇ ಮಾಡಿಯಾನು ಎಂದು ಮನೆಗೆ ಬಂದು ನನ್ನ ಹತ್ತಿರ ಹೇಳುತ್ತಾರೆ. ಹೇಳಿ, ಕೈಕಾಲು ತೊಳೆದು, ತಮ್ಮ ಕೋಣೆಗೆ ಹೋಗಿ, ನಾನೂರ ಹನ್ನೆರಡು ಲೂರ್‌ಗಳ ಮುಂದೆ ಕೂತು, ಭಾನುವಾರಕ್ಕೆ ಯಾವುದನ್ನು ಒಯ್ಯಲಿ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಲೂರ್ ಎಂದರೆ ಮೀನಿಗೆ ಮೋಸ ಮಾಡಲೆಂದೇ ಮಾಡಿದ ಬೊಂಬೆ. ಮರದ್ದು, ಪ್ಲಾಸ್ಟಿಕ್ಕಿನದು, ರಬ್ಬರಿನದು, ಹೊಟ್ಟೆಯಡಿ ಕೊಕ್ಕೆ. ಒಂದು ಮರಿಮೀನಿನ ಹಾಗೆ ಈಜುತ್ತದೆ, ಇನ್ನೊಂದು ಕಪ್ಪೆಯ ಹಾಗೆ ನೀರಿನ ಮೇಲೆ ಪಚಪಚ ಎನ್ನುತ್ತದೆ, ಮತ್ತೊಂದು ಹುಳುವಿನ ಹಾಗೆ ತಳದಲ್ಲಿ ತೆವಳುತ್ತದೆ. ನಮ್ಮ ಕೆರೆಯಲ್ಲಿರುವುದು ಬಾಸ್ ಎಂಬ ದೊಡ್ಡ ಬಾಯಿಯ ಸಿಡುಕು ಮೀನು. ಹಸಿವಿರಲಿ ಬಿಡಲಿ, ಮೂಗಿನ ಮುಂದೆ ಅಲುಗಾಡಿದ್ದನ್ನು ಕಚ್ಚುವ ಜಾತಿ. ಇಂಥ ಮೀನಿಗೆ ಮೋಸ ಮಾಡಲು ನಾನೂರು ಬೊಂಬೆ ಯಾಕೆ ಎಂದು ನನ್ನ ಅತ್ತೆ ಒಮ್ಮೆ ಕೇಳಿದ್ದರು. ನೀರಿನ ಬಣ್ಣ, ಬಿಸಿಲಿನ ಓರೆ, ಗಾಳಿಯ ದಿಕ್ಕು ಎಂದು ಅವರ ಮಗ ಮುಕ್ಕಾಲು ಗಂಟೆ ವಿವರಿಸಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಈವರೆಗೆ ಈ ಬೊಂಬೆಗಳಿಗೆ ಸಿಕ್ಕಿಬಿದ್ದವನು ನೀನೊಬ್ಬನೇ ಅನ್ನು ಎಂದು ಎದ್ದುಹೋದರು.

ಆ ಕೋಣೆ ನನ್ನದಾಗಬೇಕಿತ್ತು. ನಾನು ಹೊಲಿಗೆಯವಳು. ಈ ಮನೆಗೆ ಬಂದ ದಿನವೇ ಉತ್ತರದ ಕಿಟಕಿ ನೋಡಿ, ಮಿಷನ್ ಇಲ್ಲಿ, ಬಟ್ಟೆ ಕತ್ತರಿಸುವ ಮೇಜು ಅಲ್ಲಿ ಎಂದು ಮನಸ್ಸಿನಲ್ಲೇ ಗೆರೆ ಎಳೆದಿದ್ದೆ. ಯಜಮಾನರೂ ಹೂಂ ಎಂದಿದ್ದರು. ಆಮೇಲೆ ತಾತ್ಕಾಲಿಕವಾಗಿ ಎಂದು ಒಂದು ಪೆಟ್ಟಿಗೆ ಇಟ್ಟರು. ಪೆಟ್ಟಿಗೆಗೆ ಜೊತೆ ಬಂತು, ಜೊತೆಗೆ ಕಪಾಟು ಬಂತು, ಕಪಾಟಿನಲ್ಲಿ ಜಾಗ ಸಾಲದೆ ಗೋಡೆಗೆ ಮೊಳೆ ಬಿದ್ದವು. ಹನ್ನೊಂದು ವರ್ಷವಾಯಿತು, ಆ ‘ತಾತ್ಕಾಲಿಕ’ ಇನ್ನೂ ಮುಗಿದಿಲ್ಲ. ನನ್ನ ಮಿಷನ್ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿದೆ. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ನಾನು ಎದ್ದು ಸ್ಟೂಲನ್ನು ಒಳಗೆ ತಳ್ಳಬೇಕು. ಅತ್ತೆಗೆ ವಯಸ್ಸಾಗಿದೆ, ಪದೇ ಪದೇ ಹೋಗುತ್ತಾರೆ. ನಾನು ಪದೇ ಪದೇ ಏಳುತ್ತೇನೆ. ಅತ್ತೆಗೂ ಬೇಸರ, ನನಗೂ ಬೇಸರ, ಬೇಸರವಿಲ್ಲದಿರುವುದು ಲೂರ್‌ಗಳಿಗೆ ಮಾತ್ರ.

ಓಣಿಯಲ್ಲಿ ಬೆಳಕಿಲ್ಲ. ಹೋದ ವರ್ಷ ಸೂಜಿಗೆ ದಾರ ಪೋಣಿಸಲು ಕಷ್ಟವಾಗುತ್ತಿದೆ ಎಂದೆ. ಯಜಮಾನರು ತುಂಬ ಕಾಳಜಿಯಿಂದ ನನ್ನನ್ನು ಅಂಗಡಿಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ಗಾಜಿನ ಮೇಲೆ ಗಾಜು ಹಿಡಿದು, ಒಳ್ಳೆಯ ಚೌಕಟ್ಟು ಆರಿಸಿ ಕನ್ನಡಕ ಮಾಡಿಸಿಕೊಟ್ಟರು. ಆರು ತಿಂಗಳಿಗೆ ನಂಬರು ಏರಿಸಿ ಇನ್ನೊಂದು ಕೊಟ್ಟರು. ನಲವತ್ತು ದಾಟಿದ ಮೇಲೆ ಕಣ್ಣು ಹೀಗೇ, ಒಪ್ಪಿಕೊಳ್ಳಬೇಕು ಎಂದರು. ನಾನೂ ಒಪ್ಪಿಕೊಂಡೆ.

ಈ ವರ್ಷ ಆಸ್ಪತ್ರೆಯಿಂದ ಒಂದು ಕೆಲಸ ಬಂತು. ತೊಂಬತ್ತು ಬಿಳಿ ಕೋಟು, ಚೆನ್ನಾಗಿ ಬಂದರೆ ಪ್ರತಿವರ್ಷವೂ ನನಗೇ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಹೆಂಗಸು ಜಾಗ ನೋಡಲು ಮನೆಗೆ ಬಂದರು. ಓಣಿಯಲ್ಲಿ ನಿಂತು ಮಿಷನ್ ನೋಡಿದರು, ಅತ್ತೆಗೆ ದಾರಿ ಬಿಡಲು ಗೋಡೆಗೆ ಒರಗಿದರು, ಆಮೇಲೆ ಮೆತ್ತಗೆ, ಬಟ್ಟೆ ಹಾಸಿ ಕತ್ತರಿಸಲು ಏಳಡಿ ಮೇಜು ಎಲ್ಲಿ ಎಂದು ಕೇಳಿದರು. ಹೊಲಿಗೆ ಇಷ್ಟವಾಗಿದೆ, ಆದರೆ ಇಲ್ಲಿ ತೊಂಬತ್ತು ಕೋಟು ಆಗುವುದಿಲ್ಲ, ತಿಂಗಳ ಕೊನೆಯ ಸೋಮವಾರ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಜಾಗ ಇದ್ದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಬೇರೆಯವರದು ಎಂದು ಹೇಳಿ ಹೋದರು.

ಆ ಸೋಮವಾರದ ಹಿಂದಿನ ದಿನವೇ ಕೆರೆಯ ಬಾಸ್ ಸಂಘದ ವಾರ್ಷಿಕ ಸ್ಪರ್ಧೆ. ಇಪ್ಪತ್ತನಾಲ್ಕು ಜನ ದಡದಲ್ಲಿ ನಿಂತು ಮೀನು ಹಿಡಿಯುತ್ತಾರೆ, ಹಲಗೆಯ ಮೇಲಿಟ್ಟು ಅಳೆಯುತ್ತಾರೆ, ಮತ್ತೆ ನೀರಿಗೆ ಬಿಡುತ್ತಾರೆ. ಯಾರದು ಉದ್ದವೋ ಅವರು ಗೆದ್ದ ಹಾಗೆ. ಸಂಘದ ಕಾರ್ಯದರ್ಶಿ ನಿವೃತ್ತ ಪೋಸ್ಟ್ ಮಾಸ್ತರರು. ಹಿಂದಿನ ವರ್ಷ ನಾಲ್ಕು ಜನ ತಳ್ಳುಗಾಡಿಯಲ್ಲಿ ಲೂರ್ ತಂದಿದ್ದನ್ನು ನೋಡಿ ಅವರಿಗೆ ತಲೆ ಕೆಟ್ಟಿತ್ತು. ಆ ನಾಲ್ವರಲ್ಲಿ ಎರಡು ಗಾಡಿ ತಂದವರು ನಮ್ಮವರೊಬ್ಬರೇ. ಈ ವರ್ಷ ಹೊಸ ನಿಯಮ ಬಂತು: ಒಬ್ಬರಿಗೆ ಆರೇ ಲೂರ್. ಅವನ್ನು ಸೋಪಿನ ಡಬ್ಬಿಯಲ್ಲಿಟ್ಟು ತಂದು, ಮಾಸ್ತರರ ಕೈಯಲ್ಲಿ ದಾರ ಸುತ್ತಿಸಿ ಅರಗಿನ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಒಡೆಯುವುದು ದಡದಲ್ಲಿ. ಏಳನೆಯದು ಮೈಮೇಲೆ ಸಿಕ್ಕರೆ ಸಂಘದಿಂದಲೇ ಹೊರಗೆ.

ಆ ಸುದ್ದಿ ಬಂದ ದಿನ ಯಜಮಾನರಿಗೆ ಊಟ ಸೇರಲಿಲ್ಲ. ನಾನೂರ ಹನ್ನೆರಡರಲ್ಲಿ ಆರು ಎಂದರೆ ಏನರ್ಥ, ಇದು ಯಾರೋ ಹೊಟ್ಟೆಕಿಚ್ಚಿನಿಂದ ಮಾಡಿಸಿದ ನಿಯಮ ಎಂದು ಕೂಗಾಡಿದರು. ನನಗೆ ಆ ಹೊತ್ತಿಗೆ ಏಳಡಿ ಮೇಜಿನ ಯೋಚನೆ. ಆರೇ ಸಾಕು ಅಂತ ಸಂಘವೇ ಹೇಳಿದ ಮೇಲೆ ಮಿಕ್ಕ ನಾನೂರಾರಕ್ಕೆ ಕೋಣೆ ಯಾಕೆ ಎಂದೆ. ಅವರು ಸೆಟೆದು ಕೂತರು.

“ಆರೇ ಲೂರಲ್ಲಿ ನಾನು ಗೆಲ್ಲಲಿಲ್ಲ ಅಂದ್ರೆ ರೂಮು ನಿಂದು. ಭಾನುವಾರ ಸಾಯಂಕಾಲನೇ ಖಾಲಿ ಮಾಡ್ತೀನಿ.”

“ಗೆದ್ರೆ?”

“ಗೆದ್ರೆ ರೂಮಿನ ಮಾತು ನೀನು ಇನ್ನು ಎತ್ತಕೂಡದು. ಯಾವತ್ತೂ.”

ನಾನು ಒಪ್ಪಿದೆ. ಹನ್ನೊಂದು ವರ್ಷದಲ್ಲಿ ಅವರು ಗೆದ್ದದ್ದು ಒಮ್ಮೆಯೂ ಇಲ್ಲ. ಅವರ ಅತಿ ಉತ್ತಮ ಸಾಧನೆ ಒಂಬತ್ತನೆಯ ಸ್ಥಾನ, ಅದೂ ಹತ್ತು ಜನಕ್ಕೆ ಜ್ವರ ಬಂದ ವರ್ಷ. ಅತ್ತೆ ತಟ್ಟೆಯಿಂದ ತಲೆ ಎತ್ತದೆ ನಾನು ಸಾಕ್ಷಿ ಎಂದರು.

ಅಂದಿನಿಂದ ಮೂರು ವಾರ ಮನೆಯಲ್ಲಿ ಆಯ್ಕೆ ನಡೆಯಿತು. ಯಜಮಾನರು ದೊಡ್ಡ ಕಾಗದಕ್ಕೆ ಗೆರೆ ಹೊಡೆದರು. ಆಳ, ಬಣ್ಣ, ಸದ್ದು, ವೇಗ ಎಂದು ಕಾಲಂ ಬರೆದರು. ಊಟದ ಮೇಜಿನ ಮೇಲೆ ಲೂರ್‌ಗಳನ್ನು ಜೋಡಿ ಜೋಡಿಯಾಗಿ ಇಟ್ಟರು. ಎಲ್ಲ ಕಾಲಕ್ಕೂ ಎಲ್ಲ ನೀರಿಗೂ ಒದಗುವ ಆರನ್ನು ಆರಿಸಬೇಕಂತೆ: ಮೇಲೆ ತೇಲುವುದು ಒಂದು, ನಡುನೀರಿನದು ಎರಡು, ತಳದ್ದು ಎರಡು, ಕಳೆಯ ನಡುವೆ ಸಿಕ್ಕಿಕೊಳ್ಳದೆ ಬರುವುದು ಒಂದು. ಇಷ್ಟರ ಮಟ್ಟಿಗೆ ಬುದ್ಧಿ ಸರಿಯಾಗಿಯೇ ಓಡಿತ್ತು. ಆದರೆ ಮೇಲೆ ತೇಲುವುದೊಂದರಲ್ಲೇ ಅವರ ಬಳಿ ಅರವತ್ತೆಂಟು ಇದ್ದವು. ಮೊದಲ ವಾರದ ಕೊನೆಗೆ ನಾನೂರ ಹನ್ನೆರಡು ಮುನ್ನೂರ ತೊಂಬತ್ತಕ್ಕೆ ಇಳಿದಿತ್ತು. ಎರಡನೆಯ ವಾರ ಮನಸ್ಸು ಕರಗಿ, ತೆಗೆದದ್ದರಲ್ಲಿ ಹದಿನೈದನ್ನು ಮತ್ತೆ ಸೇರಿಸಿದರು. ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದೆವು.

ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ. ಕೆಲಸ ಯಾರದೇ ಆಗಲಿ, ಅದನ್ನು ಕೆಟ್ಟದಾಗಿ ಮಾಡುವುದನ್ನು ನೋಡುತ್ತ ಕೂರುವುದು ನನ್ನ ಕೈಲಾಗದು. ಗಿರಾಕಿಯ ಮನೆಗೆ ಅಳತೆಗೆ ಹೋಗುವಾಗ ನನ್ನ ಚೀಲದಲ್ಲಿ ಇರುವುದು ಕತ್ತರಿ, ಟೇಪು, ಸೀಮೆಸುಣ್ಣ, ಸೂಜಿ, ಕಪ್ಪು ದಾರ, ಬಿಳಿ ದಾರ. ಅದರಿಂದ ಆಗದ ರಿಪೇರಿ ಇಲ್ಲ. ಆ ಆರನ್ನು ನಾನು ಕಾಲಂ ಹಾಕಿ ಆರಿಸಿರಲಿಲ್ಲ. ಬಳಸಿ ಬಳಸಿ ಸವೆದದ್ದು ಯಾವುದೋ ಅದು ಚೀಲದಲ್ಲಿ ಉಳಿದಿತ್ತು, ಅಷ್ಟೆ. ಹಾಗಾಗಿ ಬಾಯಿ ಬಿಟ್ಟೆ.

“ಇದೋ ಅದೋ ಅಂತ ನಿಮ್ಮನ್ನ ಯಾಕೆ ಕೇಳ್ಕೋತೀರಾ? ಮೀನನ್ನ ಕೇಳಿ. ಹಲ್ಲಿನ ಗುರುತು ಯಾವುದರ ಮೇಲಿದೆ ನೋಡಿ.”

ಯಜಮಾನರು ನನ್ನನ್ನು ಮರುಕದಿಂದ ನೋಡಿದರು. ಬಾಸ್‌ಗೆ ಹಲ್ಲು ಬಲು ಸಣ್ಣದು, ಉಜ್ಜುಕಾಗದದ ಥರ, ಬಣ್ಣ ತರಚಿರುತ್ತದೆಯೇ ಹೊರತು ಗುರುತು ಬೀಳುವುದಿಲ್ಲ ಎಂದು ತಿದ್ದಿದರು. ಸರಿ, ತರಚಿದ್ದನ್ನೇ ನೋಡಿ ಎಂದೆ. ಅವರು ಅಂಗಡಿಯಿಂದ ಭೂತಗನ್ನಡಿ ತಂದು ಎರಡು ಸಂಜೆ ಒಂದೊಂದನ್ನೇ ಪರೀಕ್ಷಿಸಿದರು. ನಾನೂರ ಹನ್ನೆರಡರಲ್ಲಿ ತರಚಿದ್ದು ಐದು. ಇನ್ನೊಂದರ ಮೇಲೂ ಗೀರು ಇತ್ತು, ಅದು ನಮ್ಮ ಬೆಕ್ಕಿನದು. ಉಳಿದವು ಅಂಗಡಿಯಿಂದ ಬಂದಾಗ ಹೇಗಿದ್ದವೋ ಹಾಗೇ ಮಿರಿಮಿರಿ ಮಿಂಚುತ್ತಿದ್ದವು. ಯಜಮಾನರು ಭೂತಗನ್ನಡಿಯನ್ನು ಒರೆಸಿ ಕೆಳಗಿಟ್ಟರು. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದರು. ನನಗೆ ಮಾತ್ರ ಆ ಹೊತ್ತು ನಗು ಬರಲಿಲ್ಲ, ಪಾಪ ಅನ್ನಿಸಿತು.

ತರಚಿದ ಐದೂ ನೋಡಲು ಲಕ್ಷಣವಾಗಿರಲಿಲ್ಲ. ಒಂದಕ್ಕೆ ಬಾಲದ ಬಣ್ಣ ಹೋಗಿತ್ತು, ಒಂದಕ್ಕೆ ಕಣ್ಣಿರಲಿಲ್ಲ. ಎಲ್ಲಕ್ಕಿಂತ ಕುರೂಪಿ ಒಂದು ಕಂದು ರಬ್ಬರ್ ಹುಳು. ಮೊದಲ ವರ್ಷ ಕೊಂಡದ್ದು, ಮೈತುಂಬ ಕಚ್ಚಿಸಿಕೊಂಡು ಸೊಂಟದಲ್ಲಿ ಅರ್ಧ ಹರಿದಿತ್ತು. ಅದನ್ನು ನಾನೇ ಬಿಸಿ ಸೂಜಿಯಿಂದ ಬೆಸೆದುಕೊಟ್ಟೆ. ಆರನೆಯದಕ್ಕೆ ಬೆಕ್ಕು ಆರಿಸಿದ್ದೇ ಇರಲಿ ಎಂದೆ. ಅವರು ನಗಲಿಲ್ಲ, ಆದರೆ ಅದನ್ನೇ ಇಟ್ಟರು. ಶನಿವಾರ ಡಬ್ಬಿ ಒಯ್ದು ಅರಗಿನ ಮುದ್ರೆ ಹಾಕಿಸಿಕೊಂಡು ಬಂದರು.

ಬಂದವರು ತಮ್ಮ ಬಟ್ಟೆಯ ಟೋಪಿಯನ್ನು ನನ್ನ ಮಿಷನ್ ಮೇಲಿಟ್ಟು ನಿಂತರು. ಒಳಪಟ್ಟಿಯ ಹಿಂದೆ ಒಂದು ಸಣ್ಣ ಜೇಬು ಹೊಲಿದುಕೊಡು, ಮೇಲಿಂದ ಕಾಣಬಾರದು ಎಂದರು. ಇನ್ನೊಂದು ಕೈಯಲ್ಲಿ ಅವರ ‘ಮಹಾರಾಣಿ’ ಇತ್ತು. ಅದನ್ನು ಅವರೇ ಮರದಲ್ಲಿ ಕೆತ್ತಿ, ಎಂಟು ಪದರ ಬಣ್ಣ ಹಚ್ಚಿ, ಕನ್ನಡಕದ ಗಾಜನ್ನು ತೇದು ಕಣ್ಣು ಕೂರಿಸಿದ್ದರು. ಕಳೆದುಹೋದೀತೆಂಬ ಭಯಕ್ಕೆ ನಾಲ್ಕು ವರ್ಷದಿಂದ ಅದನ್ನು ಒಮ್ಮೆಯೂ ನೀರಿಗೆ ಬಿಟ್ಟಿರಲಿಲ್ಲ.

“ಏಳನೇದು ಸಿಕ್ಕಿದ್ರೆ ಸಂಘದಿಂದ ತೆಗೀತಾರಲ್ಲ?” ಎಂದೆ.

“ನಾನೇನು ಅದನ್ನ ಹಾಕ್ತೀನಾ? ಸುಮ್ನೆ ಹತ್ತಿರ ಇದ್ರೆ ಧೈರ್ಯ.”

ಗಂಡಸರ ಧೈರ್ಯವನ್ನು ಎಷ್ಟು ಕಡೆ ಹೊಲಿದು ಗಟ್ಟಿ ಮಾಡಿದ್ದೇನೋ ನನಗೇ ಲೆಕ್ಕವಿಲ್ಲ. ಇದೂ ಒಂದು ಎಂದುಕೊಂಡು ಹೊಲಿದೆ. ಕೆಲಸ ಕೆಡಿಸಲಿಲ್ಲ, ಟೋಪಿಯ ಬಣ್ಣದ್ದೇ ದಾರ, ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ. ಕೊನೆಯ ಗಂಟು ಹಾಕುವಾಗ ನನಗೊಂದು ನೆನಪಾಯಿತು. ಆ ಸಂಘದಲ್ಲಿ ಒಂದು ಪದ್ಧತಿಯಿದೆ. ಗೆದ್ದವರ ಟೋಪಿಯನ್ನು ಮಾಸ್ತರರು ತಲೆಯಿಂದ ತೆಗೆದು ಅವರ ಮನೆಯವರ ಕೈಗೆ ಕೊಡುತ್ತಾರೆ. ಮನೆಯವರು ಅದನ್ನು ಎಲ್ಲರ ಮುಂದೆ ಹಿಡಿದು ಬರಬೇಕು, ಸೋತವರು ಒಬ್ಬೊಬ್ಬರೂ ಒಂದೊಂದು ಲೂರ್ ಹಾಕಬೇಕು. ಕೊನೆಗೆ ಮಾಸ್ತರರು ಟೋಪಿ ಮಗುಚಿ, ಕೊಡವಿ, ಎಲ್ಲರೂ ಹಾಕಿದರೋ ಇಲ್ಲವೋ ಎಂದು ಎಣಿಸುತ್ತಾರೆ. ಫ್ಲಾಸ್ಕು ಹಿಡಿದು ದಡದಲ್ಲಿ ಕೂತು ಹನ್ನೊಂದು ಟೋಪಿ ಸುತ್ತು ಬಂದದ್ದನ್ನು ನಾನು ನೋಡಿದ್ದೆ. ಯಜಮಾನರೂ ನೋಡಿದ್ದರು, ಆದರೆ ಹಾಕುವವರಾಗಿ ಮಾತ್ರ. ಗೆದ್ದವನ ತಲೆಗೆ ಏನಾಗುತ್ತದೆ ಎಂದು ಯೋಚಿಸುವ ಸಂದರ್ಭ ಅವರಿಗೆ ಎಂದೂ ಬಂದಿರಲಿಲ್ಲ.

ಹೇಳಬೇಕಿತ್ತು. ಹೇಳಲಿಲ್ಲ. ಗೆಲ್ಲುವವರಿಗೆ ತಾನೇ ಆ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡು ದಾರ ಕಡಿದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಕೆರೆಯ ಸುತ್ತ ಜಾಗ ಹಿಡಿದರು. ಯಜಮಾನರಿಗೆ ಚೀಟಿಯಲ್ಲಿ ಸಿಕ್ಕಿದ್ದು ಹಳೆ ಪಂಪುಮನೆಯ ಪಕ್ಕ, ಜೊಂಡಿನ ಅಂಚು. ಹಿಂದಿನ ವರ್ಷಗಳಲ್ಲಿ ನಾನು ನೋಡಿದ ಮಟ್ಟಿಗೆ ಅವರು ಮೀನು ಹಿಡಿದದ್ದಕ್ಕಿಂತ ಲೂರ್ ಬದಲಿಸಿದ್ದೇ ಹೆಚ್ಚು. ಎರಡು ಸಲ ಎಸೆಯುವುದು, ಹುಬ್ಬು ಗಂಟಿಕ್ಕುವುದು, ಗಂಟು ಬಿಚ್ಚಿ ಇನ್ನೊಂದು ಕಟ್ಟುವುದು. ಮೀನುಗಳು ಅವರ ದಾರ ನೀರಿಗೆ ಬೀಳಲಿ ಎಂದು ಕಾದು ಕಾದು ಬೇರೆ ಕಡೆ ಹೋಗುತ್ತಿದ್ದಿರಬೇಕು. ಈ ಸಲ ಬದಲಿಸಲು ಏನಿದೆ? ಹತ್ತು ಗಂಟೆಯೊಳಗೆ ಐದನ್ನು ಎಸೆದು ನೋಡಿ ಆಗಿತ್ತು. ಬೆಕ್ಕಿನದು ಜೊಂಡಿಗೆ ಸಿಕ್ಕಿ ಹರಿದುಹೋಯಿತು. ಉಳಿದದ್ದು ಕಂದು ಹುಳು. ಬೇರೆ ದಾರಿಯಿಲ್ಲದೆ ಅದನ್ನೇ ಎಸೆದರು, ಮತ್ತೆ ಎಸೆದರು, ಒಂದು ಗಂಟೆ ಅದನ್ನೇ ತಳದಲ್ಲಿ ತೆವಳಿಸಿದರು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಡಬ್ಬಿ ನೋಡದೆ ನೀರು ನೋಡುತ್ತಿದ್ದರು.

ಹನ್ನೊಂದೂಕಾಲಿಗೆ ಗಾಳದ ಕೋಲು ಬಾಗಿತು. ಮೀನು ಎರಡು ಸಲ ನೀರಿನಿಂದ ಮೇಲೆದ್ದು ತಲೆ ಕೊಡವಿತು, ನಾನು ಫ್ಲಾಸ್ಕು ಬಿಟ್ಟು ಎದ್ದು ನಿಂತೆ. ನನ್ನ ಕೋಣೆ ಆ ದಾರದ ತುದಿಯಲ್ಲಿ ಒದ್ದಾಡುತ್ತಿತ್ತು. ದಾರ ಹರಿಯಲಿ ಎಂದು ಒಂದು ಗಳಿಗೆ ಬೇಡಿಕೊಂಡೆ, ಮರುಗಳಿಗೆ ನಿಧಾನ ನಿಧಾನ ಎಂದು ಬಾಯಲ್ಲೇ ಗೊಣಗಿದೆ. ಎರಡೂ ನಿಜ. ಹಲಗೆಯ ಮೇಲೆ ಮೀನು ಐವತ್ನಾಲ್ಕು ಸೆಂಟಿಮೀಟರ್ ಬಂತು. ಎರಡನೆಯವನಾದ ಪ್ಲಂಬರನದು ಐವತ್ತೊಂದು. ಯಜಮಾನರ ಕೈ ಟೋಪಿಯ ಹತ್ತಿರ ಒಂದು ಸಲವೂ ಹೋಗಿರಲಿಲ್ಲ. ಅದನ್ನು ನಾನು ಬಲ್ಲೆ, ನೆಟ್ಟ ಕಣ್ಣಿನಿಂದ ನೋಡುತ್ತಿದ್ದವಳು ನಾನೇ. ಆ ಮೀನು ಪ್ರಾಮಾಣಿಕವಾಗಿ ಹಿಡಿದದ್ದು.

ಚಪ್ಪಾಳೆ ಬಿತ್ತು. ಯಜಮಾನರು ಹಿಗ್ಗಿ, ಹಲ್ಲು ಬಿಟ್ಟು ನಿಂತಿದ್ದರು. ಮಾಸ್ತರರು ಬಂದು ಅವರ ಬೆನ್ನು ತಟ್ಟಿ, ಟೋಪಿಗೆ ಕೈ ಹಾಕಿ ತೆಗೆದರು. ಆಗ ನೆನಪಾಯಿತು ಅವರಿಗೆ. ಬಾಯಿ ನಗುತ್ತಲೇ ಇತ್ತು, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಟೋಪಿ ನನ್ನ ಕೈಗೆ ಬಂತು. ಒಳಪಟ್ಟಿಯ ಹಿಂದೆ ಮಹಾರಾಣಿ ನನ್ನ ಹೆಬ್ಬೆರಳಿಗೆ ಚುಚ್ಚುತ್ತಿದ್ದಳು.

ಇಪ್ಪತ್ಮೂರು ಜನರ ಮುಂದೆ ನಡೆದೆ. ಎಲ್ಲರೂ ತಮಗೆ ಬೇಡವಾದ ಲೂರ್ ಹಾಕಿ, ಬಹಳ ಇಷ್ಟದ್ದು ಕೊಡುತ್ತಿದ್ದೇನೆ ಎಂದು ಹೇಳಿದರು. ನಡೆಯುತ್ತ ನಾನು ಯೋಚಿಸಿದ್ದು ಇಷ್ಟು: ಹೆಬ್ಬೆರಳು ಸ್ವಲ್ಪ ಸರಿಸಿದರೆ ಸಾಕು. ಕೊಡವಿದಾಗ ಇಪ್ಪತ್ನಾಲ್ಕು ಬೀಳುತ್ತವೆ, ಕೋಣೆ ನನ್ನದಾಗುತ್ತದೆ. ಇವರು ಸಂಘದಿಂದ ಹೊರಗೆ, ಊರಿಗೆಲ್ಲ ಕಳ್ಳ, ನಾಳೆ ಕನ್ನಡಕದ ಅಂಗಡಿಗೆ ಬಂದವರೆಲ್ಲ ನಕ್ಕುಕೊಂಡು ಬರುತ್ತಾರೆ. ಹೆಬ್ಬೆರಳು ಗಟ್ಟಿ ಹಿಡಿದರೆ ಇವರು ಗೆದ್ದ ಹಾಗೆ, ನಾನು ಸಾಯುವವರೆಗೆ ಓಣಿಯಲ್ಲಿ. ಪ್ಲಂಬರ್ ತನ್ನದನ್ನು ಹಾಕುವಾಗ ಟೋಪಿಯೊಳಗೆ ಬಗ್ಗಿ ನೋಡಿ, ಒಳಗೆ ಏನಮ್ಮಾ ಅದು ಉಬ್ಬಿಕೊಂಡಿದೆ ಎಂದು ಕೇಳಿದ. ಯಜಮಾನರು ಕಣ್ಣು ಮುಚ್ಚಿಕೊಂಡರು.

“ಬೆವರಿಗೆ ಪ್ಯಾಡ್ ಹಾಕಿದೀನಿ,” ಎಂದೆ. “ಅವರ ತಲೆ ಬಲು ಬೆವರುತ್ತೆ.”

ಅದಂತೂ ಸುಳ್ಳಲ್ಲ; ಆಗ ಧಾರಾಕಾರ ಬೆವರುತ್ತಿತ್ತು. ಮಾಸ್ತರರು ಕೈ ಚಾಚುವ ಮೊದಲೇ ನಾನೇ ಟೋಪಿ ಮಗುಚಿದೆ, ಒಳಪಟ್ಟಿಯನ್ನು ಬೆರಳಲ್ಲಿ ಅದುಮಿ ಕೊಡವಿದೆ. ಇಪ್ಪತ್ಮೂರು ಬಿದ್ದವು. ಕೊಕ್ಕೆ ಬೆರಳಿಗೆ ಇಳಿದಿತ್ತು, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಒತ್ತಿಕೊಂಡೆ. ಟೋಪಿಯನ್ನು ಯಜಮಾನರಿಗೆ ವಾಪಸು ಕೊಡಲಿಲ್ಲ, ನನ್ನ ಚೀಲಕ್ಕೆ ಹಾಕಿದೆ.

ಮನೆಯ ಬಾಗಿಲಲ್ಲಿ, ಬಹುಮಾನದ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು, ಅವರು ಮೆಲ್ಲಗೆ ಕೇಳಿದರು.

“ಟೋಪಿ ಎಲ್ಲಿ?”

“ನನ್ನ ಹತ್ರ ಇದೆ. ನನ್ನ ಹತ್ರಾನೇ ಇರುತ್ತೆ. ರೂಮು ಸಾಯಂಕಾಲದೊಳಗೆ ಖಾಲಿ ಆಗ್ಬೇಕು.”

“ಆದ್ರೆ ಗೆದ್ದಿದ್ದು ನಾನು,” ಎಂದರು. ಅದರಲ್ಲಿ ಜಗಳವಿರಲಿಲ್ಲ, ಸುಮ್ಮನೆ ಯಾರಾದರೂ ಒಮ್ಮೆ ಹೌದು ಅನ್ನಲಿ ಎಂಬ ಆಸೆಯಿತ್ತು.

“ಹೌದು. ನೀವೇ ಗೆದ್ದಿದ್ದು. ಚೆನ್ನಾಗಿ ಹಿಡಿದ್ರಿ.”

ಅದನ್ನು ನಾನು ಮನಸ್ಸಿನಿಂದಲೇ ಹೇಳಿದೆ. ಅವರು ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, ತೋಳು ಮಡಚಿ, ಕಪಾಟಿನ ಒಂದು ಕಡೆ ಹಿಡಿದರು. ಗೆದ್ದವನು ಯಾಕಮ್ಮಾ ಕೋಣೆ ಖಾಲಿ ಮಾಡುತ್ತಿದ್ದಾನೆ ಎಂದು ಅತ್ತೆ ನನ್ನನ್ನು ಕೇಳಿದರು. ದೊಡ್ಡ ಮನಸ್ಸು ಎಂದೆ. ಅತ್ತೆ ಮಗನನ್ನು ಒಂದು ಸಲ, ನನ್ನ ಬಟ್ಟೆ ಸುತ್ತಿದ ಬೆರಳನ್ನು ಒಂದು ಸಲ ನೋಡಿ, ಸಾಕ್ಷಿಯ ಕೆಲಸಕ್ಕೆ ಅಲ್ಲಿಗೇ ರಾಜೀನಾಮೆ ಕೊಟ್ಟು ಒಳಗೆ ಹೋದರು. ನಾನೇನು ಸಾಚಾ ಎಂದು ಹೇಳಿಕೊಳ್ಳುತ್ತಿಲ್ಲ. ಹನ್ನೊಂದು ವರ್ಷ ನ್ಯಾಯವಾಗಿ ಕೇಳಿ ಸಿಗದ್ದು ಅಂದು ಒಂದು ಮಾತಿಗೆ ಸಿಕ್ಕಿತು.

ಸೋಮವಾರ ಬೆಳಿಗ್ಗೆ ಉಗ್ರಾಣದ ಹೆಂಗಸು ಬರುವ ಮೊದಲೇ ಕೋಣೆಯಲ್ಲಿ ಮಿಷನ್ ಮುಂದೆ ಕೂತೆ. ಬಾಗಿಲ ಹಲಗೆಯನ್ನು ಎರಡು ಸ್ಟೂಲಿನ ಮೇಲಿಟ್ಟು ಏಳಡಿ ಮೇಜು ಮಾಡಿದ್ದೆ. ಗೋಡೆಯಲ್ಲಿ ಇನ್ನೂ ಮೊಳೆಗಳಿದ್ದವು. ಎದುರಿನ ಒಂದಕ್ಕೆ ಆ ಟೋಪಿ ತಗುಲಿಹಾಕಿದೆ. ಕಿಟಕಿಯಿಂದ ತಣ್ಣನೆಯ ಬಿಳಿ ಬೆಳಕು ನೇರವಾಗಿ ಕೈಮೇಲೆ ಬೀಳುತ್ತಿತ್ತು. ದಾರ ತೆಗೆದು ಸೂಜಿಗೆ ಪೋಣಿಸಿದೆ, ಒಂದೇ ಸಲಕ್ಕೆ ಹೋಯಿತು. ಆಮೇಲೆ ಮೂಗು ಮುಟ್ಟಿಕೊಂಡು ನೋಡಿದೆ. ಕನ್ನಡಕ ಹಾಕಿರಲಿಲ್ಲ, ಅದು ಓಣಿಯಲ್ಲೇ ಉಳಿದಿತ್ತು.

ದಾರ ಬಿಚ್ಚಿ ಮತ್ತೆ ಪೋಣಿಸಿದೆ. ಮತ್ತೆ ಹೋಯಿತು. ಮೂರನೆಯ ಸಲ ಪೋಣಿಸಿದ್ದು ಪರೀಕ್ಷೆಗಲ್ಲ, ಸಿಟ್ಟಿಗೆ.

ಯಜಮಾನರು ಅಂಗಡಿಗೆ ಹೊರಟವರು, ಓಣಿಯಲ್ಲಿ ಬಿದ್ದಿದ್ದ ಕನ್ನಡಕವನ್ನು ಒರೆಸಿ ತಂದು ಬಾಗಿಲಲ್ಲಿ ನಿಂತರು. ನಾನು ಬರಿಗಣ್ಣಿನಲ್ಲಿ ಹೊಲಿಯುತ್ತಿರುವುದನ್ನು ಕಂಡು ಅವರ ಕಸುಬು ಜಾಗೃತವಾಯಿತು. ನಂಬರು ಮತ್ತೆ ಬದಲಾಗಿರಬೇಕು, ಒಂದು ಸಲ ನೋಡೋಣ ಎಂದು ಹತ್ತಿರ ಬಂದು, ಕನ್ನಡಕವನ್ನು ನನ್ನ ಕಣ್ಣ ಮುಂದೆ ಹಿಡಿದರು, ತೆಗೆದರು.

“ಇದು ಸ್ಪಷ್ಟನೋ, ಅದು ಸ್ಪಷ್ಟನೋ?”

“ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ ರೀ,” ಎಂದೆ. “ಕಿಟಕಿ ಇರಲಿಲ್ಲ, ಅಷ್ಟೇ.”

ಅವರು ಕನ್ನಡಕ ಹಿಡಿದ ಕೈಯನ್ನು ಇಳಿಸಿದರು. ಕಿಟಕಿ ನೋಡಿದರು, ಓಣಿಯ ಕಡೆ ತಿರುಗಿ ನೋಡಿದರು. ಕೊನೆಗೆ ಕನ್ನಡಕವನ್ನು ತಮ್ಮ ಜೇಬಿಗೆ ಹಾಕಿಕೊಂಡು, ಟೋಪಿಯಿಲ್ಲದ ತಲೆಯಲ್ಲಿ ಬಿಸಿಲಿಗೆ ಇಳಿದು ಅಂಗಡಿಗೆ ನಡೆದರು.